ಮೊದಲು ನೀರು, ಆಮೇಲೆ ದೋಣಿ: ಅಮೆರಿಕದಲ್ಲಿ ಅಲ್ಯೂಮಿನಿಯಂ ದೋಣಿ ಕೊಳ್ಳುವವರಿಗೆ

ಮಿನೆಸೋಟದ ಮಿಲ್ ಲ್ಯಾಕ್ಸ್ ಸರೋವರದಲ್ಲಿ ಒಂದು ಜೂನ್ ಮಧ್ಯಾಹ್ನ ನನ್ನ ಮಡಿಲಿಗೆ ಒಂದು ಬಕೆಟ್‌ನಷ್ಟು ನೀರು ಬಂದು ಬಿತ್ತು. ನಿಮಿಷ ಕಳೆಯುವುದರೊಳಗೆ ಇನ್ನೊಂದು ಬಕೆಟ್. ಜೊತೆಗಿದ್ದ ಗೆಳೆಯ ಊಟದ ಡಬ್ಬಿ ಖಾಲಿ ಮಾಡಿ ಅದರಲ್ಲೇ ನೀರು ಎತ್ತಿ ಹೊರಗೆ ಹಾಕತೊಡಗಿದ. ಚಿತ್ರಾನ್ನ ಮೀನಿನ ಪಾಲಾಯಿತು.

ಗಾಳಿ ಅಂಥ ಜೋರೇನೂ ಇರಲಿಲ್ಲ. ಸ್ವಲ್ಪ ದೂರದಲ್ಲೇ ಹೆಚ್ಚುಕಡಿಮೆ ನಮ್ಮಷ್ಟೇ ಉದ್ದದ ದೋಣಿಯಲ್ಲಿ ಅಜ್ಜ ಒಬ್ಬರು ಕೂತಿದ್ದರು. ದೋಣಿಯ ಹಿಂಬದಿಯನ್ನೇ ಅಲೆಗೆ ಕೊಟ್ಟು, ಒಂದು ಕೈ ಇಂಜಿನ್ ಮೇಲೆ, ಇನ್ನೊಂದು ಕೈಯಲ್ಲಿ ಗಾಳದ ಕೋಲು. ಒಂದು ಹನಿ ನೀರು ಒಳಗೆ ಬರುತ್ತಿರಲಿಲ್ಲ. ನಮ್ಮದೂ ಅಲ್ಯೂಮಿನಿಯಂ, ಅವರದೂ ಅಲ್ಯೂಮಿನಿಯಂ. ಒಂದೇ ವ್ಯತ್ಯಾಸ, ನಮ್ಮ ದೋಣಿ ಅರ್ಕನ್ಸಾದಿಂದ ಬಂದಿತ್ತು.

ನಾನು ಕೆಲಸದ ಮೇಲೆ ಮೊದಲು ಇದ್ದದ್ದು ಅರ್ಕನ್ಸಾದ ಬೆಂಟನ್‌ವಿಲ್‌ನಲ್ಲಿ, ಆಮೇಲೆ ಮಿನೆಸೋಟ, ಈಗ ಆರೆಗಾನ್. ಮೂರೂ ಕಡೆ ನಮ್ಮವರು ಸಾಕಷ್ಟಿದ್ದಾರೆ, ಅದರಲ್ಲಿ ಕರಾವಳಿಯವರು ಸಿಕ್ಕರೆ ಮಾತು ಕೊನೆಗೆ ಮೀನಿಗೇ ಬಂದು ನಿಲ್ಲುತ್ತದೆ. "ದೋಣಿ ತಗೊಳ್ಬೇಕು ಮಾರಾಯ, ಯಾವ್ದು ಒಳ್ಳೇದು?" ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಯಾವ ನೀರಿಗೆ ಇಳಿಸ್ತೀರಿ? ಗಂಗೊಳ್ಳಿಯಲ್ಲಿ ಬೆಳೆದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯ ಪಾತಿ ದೋಣಿಯನ್ನು ಯಾರೂ ಅಳಿವೆ ದಾಟಿಸಿ ಕಡಲಿಗೆ ಒಯ್ಯುವುದಿಲ್ಲ ಅಲ್ವಾ? ಅಮೆರಿಕಕ್ಕೆ ಬಂದ ಮೇಲೆ ಎಲ್ಲ ದೋಣಿಯೂ ಒಂದೇ ಥರ ಮಿನುಗುತ್ತಿದ್ದವು, ನಾನು ಮರೆತೆ.

ಅಂಗಡಿಗೆ ಹೋಗುವ ಮೊದಲು

ಮೂರು ಮಾತು ಗೊತ್ತಿದ್ದರೆ ಸಾಕು. ಒಂದು, ತಳದ ಆಕಾರ. ಹರಿವಾಣದ ಹಾಗೆ ಚಪ್ಪಟೆ ಇದ್ದರೆ ಕಡಿಮೆ ನೀರಲ್ಲಿ ತೇಲುತ್ತದೆ, ನಿಂತರೆ ಅಲುಗಾಡುವುದಿಲ್ಲ, ಆದರೆ ಅಲೆ ಬಂದರೆ ಪಟಪಟ ಬಡಿಯುತ್ತದೆ. ದೊನ್ನೆಯ ಹಾಗೆ, ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಚೂಪಾಗಿದ್ದರೆ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ಆದರೆ ಜಾಸ್ತಿ ಆಳ ಬೇಕು, ಜಾಸ್ತಿ ಇಂಜಿನ್ ಬೇಕು. ಈ ಚೂಪನ್ನು ದೋಣಿಯ ಹಿಂಬದಿಯಲ್ಲಿ ಅಳೆದು ಡಿಗ್ರಿಯಲ್ಲಿ ಹೇಳುತ್ತಾರೆ, ಡೆಡ್‌ರೈಸ್ ಅಂತ ಅದರ ಹೆಸರು. ಮಾರುವವರು ಮೂತಿಯ ಚೂಪು ತೋರಿಸಿ ಮರುಳು ಮಾಡುತ್ತಾರೆ. ಹಿಂದೆ ಹೋಗಿ ಬಗ್ಗಿ ನೋಡಿ.

ಎರಡು, ಜೋಡಿಸಿದ ಬಗೆ. ಮೊಳೆ ಹೊಡೆದ ಹಾಗೆ ರಿವೆಟ್ ಹಾಕಿದ್ದೋ, ವೆಲ್ಡ್ ಮಾಡಿದ್ದೋ. ರಿವೆಟ್ ಬಂದದ್ದು ವಿಮಾನದಿಂದ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಗೆ ವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿ 1945ರಲ್ಲಿ ಅದೇ ತಗಡು, ಅದೇ ಕೈಚಳಕ ಹಾಕಿ ಅಲ್ಯೂಮಿನಿಯಂ ಕನೂ, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿ, ಮಾಡಲು ಶುರು ಮಾಡಿತು. ಯುದ್ಧ ಮುಗಿದ ಮೇಲೆ ತಗಡೂ ಸಿಗುತ್ತಿತ್ತು, ರಿವೆಟ್ ಹೊಡೆಯಬಲ್ಲವರೂ ಇದ್ದರು. ಇಲ್ಲಿನ ಹಳೆಯ ದೋಣಿ ಕಂಪನಿಗಳಲ್ಲಿ ಹಲವು 1940ರ ದಶಕದ ಕೊನೆಯಲ್ಲೇ ಹುಟ್ಟಿವೆ.

ಮೂರು, ತಗಡಿನ ದಪ್ಪ. ಇದನ್ನು ಇಂಚಿನ ಸಾವಿರದ ಲೆಕ್ಕದಲ್ಲಿ ಬರೆದಿರುತ್ತಾರೆ: .072, .100, .125, .190, .250. ಮೊದಲನೆಯದು 2 ಮಿ.ಮೀ.ಗೂ ಕಡಿಮೆ, ಕೊನೆಯದು 6 ಮಿ.ಮೀ.ಗಿಂತ ಜಾಸ್ತಿ. ದಪ್ಪ ಇದ್ದರೆ ಒಳ್ಳೆಯದು ಅಂತಲ್ಲ, ದಪ್ಪಕ್ಕೆ ತೂಕವಿದೆ, ತೂಕಕ್ಕೆ ಪೆಟ್ರೋಲಿದೆ.

ದಕ್ಷಿಣದ್ದು: ಚಪ್ಪಟೆ ತಳ

ಅರ್ಕನ್ಸಾ, ಮಿಸೂರಿ, ಟೆನೆಸಿ ಕಡೆ ನೀರು ಅಂದರೆ ಹೆಚ್ಚಾಗಿ ನಿಧಾನದ ಹೊಳೆ, ಜೌಗು, ಇಲ್ಲವೇ ಅಣೆಕಟ್ಟಿನ ಹಿನ್ನೀರು. ಶರಾವತಿ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ಬೋಳು ಮರಗಳು ಎದ್ದು ನಿಲ್ಲುತ್ತವಲ್ಲ, ಇಲ್ಲೂ ಹಾಗೆಯೇ. ಮುಳುಗಿದ ಮರದ ಬುಡದಲ್ಲೇ ಬಾಸ್ ಮೀನು, ಕ್ರಾಪಿ ಮೀನು. ಅಲ್ಲಿಗೆ ಹೋಗಲು ಕಡಿಮೆ ನೀರಲ್ಲಿ ತೇಲುವ, ಮರಕ್ಕೆ ಬಡಿದರೂ ಒಡೆಯದ ದೋಣಿ ಬೇಕು. ಅದಕ್ಕೇ ಜಾನ್ ಬೋಟ್. ಚಪ್ಪಟೆ ತಳ, ಚೌಕ ಮೂತಿ, ಕಡಿಮೆ ಎತ್ತರದ ಅಂಚು. ಹೆಸರಲ್ಲೇ ಅಳತೆ ಇರುತ್ತದೆ: 1448 ಅಂದರೆ 14 ಅಡಿ ಉದ್ದ, ತಳದ ಅಗಲ 48 ಇಂಚು. ನನ್ನದು 1436 ಇತ್ತು, ಅಂದರೆ ಇನ್ನೂ ಕಿರಿದು. ಅದನ್ನೇ ನಾನು ಮಿಲ್ ಲ್ಯಾಕ್ಸ್‌ಗೆ ಒಯ್ದದ್ದು.

ಇದೇ ವಂಶದ ಮುಂದಿನ ತಲೆಮಾರು ಬಾಸ್ ಹಿಡಿಯುವವರ ಮಾಡಿಫೈಡ್ ವಿ. ಮೂತಿಯಲ್ಲಿ ಸ್ವಲ್ಪ ಚೂಪು, ಹಿಂದಕ್ಕೆ ಬರುತ್ತಾ ಬಹುತೇಕ ಚಪ್ಪಟೆ. ಮುಂದೆ ಅಗಲವಾದ ಕಟ್ಟೆ, ಅದರ ಮೇಲೆ ನಿಂತು ಗಾಳ ಬೀಸುವುದು. ಮೂತಿಯಲ್ಲಿ ಕಾಲಲ್ಲಿ ತಿರುಗಿಸುವ ಬ್ಯಾಟರಿ ಮೋಟರ್. 1978ರಲ್ಲಿ ಮಿಸೂರಿಯ ಜಾನಿ ಮಾರಿಸ್ ಬಾಸ್ ಟ್ರ್ಯಾಕರ್ ಅನ್ನುವ ದೋಣಿಯನ್ನು ಇಂಜಿನ್, ಟ್ರೇಲರ್ ಸಮೇತ ಒಂದೇ ಬೆಲೆಗೆ ಮಾರಲು ಶುರು ಮಾಡಿದರು. ಅಲ್ಲಿಯವರೆಗೆ ಮೂರನ್ನೂ ಬೇರೆ ಬೇರೆ ಕೊಂಡು ಜೋಡಿಸಿಕೊಳ್ಳಬೇಕಿತ್ತು. ದೋಣಿ ಕೊಳ್ಳುವುದು ಸ್ಕೂಟರ್ ಕೊಂಡಷ್ಟು ಸಲೀಸಾಯಿತು. ಇವತ್ತಿಗೂ ಮಿಸೂರಿಯ ಲೆಬನಾನ್ ಅನ್ನುವ ಸಣ್ಣ ಊರಲ್ಲಿ ಟ್ರ್ಯಾಕರ್, ಲೋ, ಜಿ3 ಮೂರೂ ಕಂಪನಿಯ ದೋಣಿಗಳು ತಯಾರಾಗುತ್ತವೆ. ಅರ್ಕನ್ಸಾದ ಮಾಂಟಿಸೆಲೋದಲ್ಲಿ ಸೀಆರ್ಕ್, ವಾರ್ ಈಗಲ್ ಕಂಪನಿಗಳಿವೆ. ಇವು ವೆಲ್ಡ್ ಮಾಡಿದ ದೋಣಿಗಳು. ಮರದ ಬೊಡ್ಡೆಗೆ ಢಿಕ್ಕಿ ಹೊಡೆಯುವುದು ದಿನದ ಕೆಲಸವಾದ ಕಡೆ ವೆಲ್ಡ್‌ಗೆ ಬೇಡಿಕೆ ಜಾಸ್ತಿ.

ಇನ್ನೂ ದಕ್ಷಿಣಕ್ಕೆ, ಲೂಸಿಯಾನಾಕ್ಕೆ ಹೋದರೆ ನೀರೇ ಇಲ್ಲ, ಕೆಸರು. ಅಲ್ಲಿಯ ಇಂಜಿನ್ ಉದ್ದ ಕೋಲಿನ ತುದಿಯಲ್ಲಿ ಫ್ಯಾನ್ (ಪ್ರೊಪೆಲ್ಲರ್) ಇಟ್ಟುಕೊಂಡು ಕೆಸರನ್ನೇ ಕಡೆಯುತ್ತದೆ. ಗಾಳಿಯಿಂದ ತಣ್ಣಗಾಗುವ ಇಂಜಿನ್, ಕೆಸರು ನೀರು ಒಳಗೆ ಎಳೆದುಕೊಂಡು ಕಟ್ಟಿಕೊಳ್ಳುವ ಭಯವಿಲ್ಲ. ಬಾತುಕೋಳಿ ಬೇಟೆಯವರಿಗೆ ಇದು ಪ್ರಾಣ. ಶಬ್ದ ಮಾತ್ರ ಹಳೆಯ ಪಂಪ್‌ಸೆಟ್ಟಿನದ್ದು. ಬೆಂಟನ್‌ವಿಲ್‌ನ ಬೀವರ್ ಲೇಕ್‌ಗೆ ಇದು ಬೇಡ, ಯಾರಾದರೂ ಅಗ್ಗಕ್ಕೆ ಕೊಟ್ಟರೂ ಬೇಡ.

ಉತ್ತರದ್ದು: ಆಳದ ವಿ

ಮಿನೆಸೋಟಕ್ಕೆ ಹತ್ತು ಸಾವಿರ ಸರೋವರಗಳ ನಾಡು ಅಂತ ಹೆಸರು. ನಿಜವಾದ ಲೆಕ್ಕ 11,842, ಅದೂ 10 ಎಕರೆಗಿಂತ ದೊಡ್ಡವು ಮಾತ್ರ. ಇವುಗಳಲ್ಲಿ ಮಿಲ್ ಲ್ಯಾಕ್ಸ್ ಥರದವು ಮೋಸದ ನೀರು. ಸುಮಾರು 1,32,000 ಎಕರೆ ಹರಡಿದೆ, ಆಚೆ ದಡ ಸರಿಯಾಗಿ ಕಾಣುವುದಿಲ್ಲ. ಆಳ ಮಾತ್ರ ಹೆಚ್ಚೆಂದರೆ 42 ಅಡಿ. ಅಗಲ ಜಾಸ್ತಿ, ಆಳ ಕಡಿಮೆ ಇದ್ದ ಕಡೆ ಗಾಳಿ ಎದ್ದರೆ ಅಲೆ ಗಿಡ್ಡಗೆ, ಕಡಿದಾಗಿ, ಒಂದರ ಬೆನ್ನಿಗೆ ಒಂದು ಬರುತ್ತದೆ. ಕಡಲಿನ ತೆರೆಯ ಮೇಲೆ ದೋಣಿ ಏರಿ ಇಳಿಯಲು ಪುರುಸೊತ್ತಿರುತ್ತದೆ, ಇಲ್ಲಿ ಇಲ್ಲ. ಈರೀ ಸರೋವರದ್ದೂ ಇದೇ ಕಥೆ, ಗ್ರೇಟ್ ಲೇಕ್ಸ್ ಐದರಲ್ಲಿ ಅದರ ಆಳವೇ ಎಲ್ಲಕ್ಕಿಂತ ಕಡಿಮೆ, ಸರಾಸರಿ 62 ಅಡಿ.

ಇನ್ನೊಂದು, ಇಲ್ಲಿಯ ಮೀನು ವಾಲೈ. ಮಿನೆಸೋಟದ ರಾಜ್ಯ ಮೀನು ಅದು. ಗಾಳಿ ಬೀಸಿ ನೀರು ಕದಡಿದಾಗಲೇ ಚೆನ್ನಾಗಿ ಕಚ್ಚುತ್ತದೆ. ಅಂದರೆ ಬೇರೆಯವರು ದಡಕ್ಕೆ ಬರುವ ಹೊತ್ತಿಗೆ ಇಲ್ಲಿಯವರು ನೀರಿಗೆ ಇಳಿಯುತ್ತಾರೆ. ದೋಣಿಯ ರೂಪ ಅದಕ್ಕೆ ತಕ್ಕ ಹಾಗೆ ಬೆಳೆದಿದೆ: ಎತ್ತರದ ಅಂಚು, ಚೂಪು ತಳ, ಮೇಲಕ್ಕೆ ಅರಳಿದ ಮೂತಿ. ಲಂಡ್ ಕಂಪನಿ 1948ರಿಂದ ಮಿನೆಸೋಟದ ನ್ಯೂಯಾರ್ಕ್ ಮಿಲ್ಸ್‌ನಲ್ಲಿದೆ, ಅಲ್ಯೂಮಾಕ್ರಾಫ್ಟ್, ಕ್ರೆಸ್ಟ್‌ಲೈನರ್ ಕೂಡ ಇದೇ ರಾಜ್ಯದಲ್ಲಿ ಬೆಳೆದವು. ರಿವೆಟ್ಟೋ ವೆಲ್ಡೋ ಅಂತ ಇವರ ಗಿರಾಕಿಗಳ ಜಗಳ ಮುಗಿಯುವುದೇ ಇಲ್ಲ. ನನ್ನ ಅನಿಸಿಕೆ ಕೇಳಿದರೆ, ಸರೋವರದ ನೀರಿಗೆ ಒಳ್ಳೆಯ ರಿವೆಟ್ ದೋಣಿ ಯಾವ ಕಾರಣಕ್ಕೂ ಕಡಿಮೆಯಲ್ಲ. ಹಗುರ, ರಿಪೇರಿ ಸುಲಭ. ಇಪ್ಪತ್ತು ವರ್ಷ ಆದ ಮೇಲೆ ಒಂದೆರಡು ರಿವೆಟ್ ಸಡಿಲಾಗಿ ನೀರು ಜಿನುಗಬಹುದು, ಬಿಗಿ ಮಾಡಿದರೆ ಮುಗಿಯಿತು.

ಆ ಅಜ್ಜ ಹಿಂಬದಿಯನ್ನು ಅಲೆಗೆ ಕೊಟ್ಟದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಇಂಜಿನ್ ಹಿಡಿಕೆ ಕೈಯಲ್ಲಿ ಹಿಡಿದು ರಿವರ್ಸ್‌ನಲ್ಲಿ ನಿಧಾನ ಸಾಗಿದರೆ ಗಾಳಿ ದೋಣಿಯನ್ನು ತಳ್ಳಿಕೊಂಡು ಹೋಗುವುದಿಲ್ಲ. ಮೀನಿರುವ ದಿಬ್ಬದ ಅಂಚಿಗೇ ಗಾಳ ನಿಲ್ಲುತ್ತದೆ. ಅದಕ್ಕೆ ಬ್ಯಾಕ್‌ಟ್ರೋಲಿಂಗ್ ಅನ್ನುತ್ತಾರೆ. ಅವರ ದೋಣಿಯ ಹಿಂದೆ, ಇಂಜಿನ್ನಿನ ಎರಡೂ ಪಕ್ಕದಲ್ಲಿ ಎರಡು ರಬ್ಬರ್ ಹಾಳೆ ನಿಂತಿದ್ದವು, ಎಮ್ಮೆಯ ಕಿವಿಯ ಹಾಗೆ. ಅಲೆ ಒಳಗೆ ಬರದ ಹಾಗೆ ತಡೆಯುವುದು ಅವೇ. ದಕ್ಷಿಣದ ದೋಣಿಯಲ್ಲಿ ಇವನ್ನು ನಾನು ನೋಡಿಯೇ ಇರಲಿಲ್ಲ. ಹಳೆಯ ದೋಣಿ ನೋಡಲು ಹೋದಾಗ ಈ ಕಿವಿಗಳೋ, ಅವನ್ನು ಬಿಗಿದಿದ್ದ ತೂತುಗಳೋ ಕಂಡರೆ, ಅದು ಯಾವ ನೀರಲ್ಲಿ ದುಡಿದದ್ದು ಅಂತ ಕೇಳದೆಯೇ ತಿಳಿಯುತ್ತದೆ.

ವಾಯವ್ಯದ್ದು: ದಪ್ಪ ತಗಡು, ವೆಲ್ಡ್, ಜೆಟ್

ಆರೆಗಾನ್, ವಾಷಿಂಗ್ಟನ್, ಐಡಹೊಗೆ ಬಂದರೆ ದೋಣಿಯ ಮುಖವೇ ಬೇರೆ. ಮೊದಲ ಸಲ ನೋಡಿದಾಗ ಪೊಲೀಸ್ ದೋಣಿ ಅಂದುಕೊಂಡಿದ್ದೆ. ಬಣ್ಣವಿಲ್ಲ, ನುಣುಪಿಲ್ಲ, ವೆಲ್ಡ್ ಗೆರೆಗಳು ಕಾಣುವ ಹಾಗೇ ಬಿಟ್ಟಿರುತ್ತಾರೆ. ಒಳಗೆ ಕಾರ್ಪೆಟ್ ಇಲ್ಲ, ಮೀನಿನ ರಕ್ತ ತೊಳೆಯಲು ಪೈಪ್ ಇದೆ. ಮೇಲೆ ಚಾವಣಿ, ಮುಂದೆ ಗಾಜು, ಕೆಲವದರಲ್ಲಿ ಹೀಟರ್. ಇಲ್ಲಿ ಸಾಮನ್, ಸ್ಟೀಲ್‌ಹೆಡ್ ಮೀನು ಬರುವುದು ಮಳೆ ಚಳಿಯ ತಿಂಗಳಲ್ಲೂ ಹೌದು. ಚಾವಣಿ ಶೋಕಿಗಲ್ಲ.

ತಳದ ತಗಡು .190 ಮಾಮೂಲು, ಕಲ್ಲಿನ ಹೊಳೆಗೆ ಅಂತ ಮಾಡಿದ್ದಾದರೆ .250. ಕಾರಣ ಹೊಳೆಗಳು. ರೋಗ್, ಸ್ನೇಕ್, ಕ್ಲಿಯರ್‌ವಾಟರ್, ಇವೆಲ್ಲ ಬೆಟ್ಟದಿಂದ ಇಳಿದು ಬರುವ, ಕಲ್ಲು ಹಾಸಿನ ಮೇಲೆ ಓಡುವ ನೀರು. ಫ್ಯಾನ್ ಇಟ್ಟ ಇಂಜಿನ್ ಇಲ್ಲಿ ಒಂದು ದಿನವೂ ಬಾಳದು. ಆದ್ದರಿಂದ ಜೆಟ್. ತಳದಿಂದ ನೀರು ಹೀರಿ ಹಿಂದಕ್ಕೆ ಚಿಮ್ಮಿ ಓಡುವ ಈ ಯಂತ್ರವನ್ನು 1954ರಲ್ಲಿ ಪಳಗಿಸಿದ್ದು ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್. ಅವರ ಊರಿನ ಹೊಳೆಗಳೂ ಹೀಗೇ, ತೆಳು ನೀರು, ಜಲ್ಲಿಕಲ್ಲು. 1960ರಲ್ಲಿ ಅವರ ಜೆಟ್ ದೋಣಿಗಳು ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕೊಲೊರಾಡೊ ನದಿಯ ಎದುರು ಹರಿವಿಗೆ ಏರಿದವು. ಅಲ್ಲಿಂದ ಇಲ್ಲಿಯ ಹೊಳೆಯವರಿಗೆ ಹುಚ್ಚು ಹಿಡಿಯಿತು ಅಂದರೂ ತಪ್ಪಿಲ್ಲ. ಸ್ನೇಕ್ ನದಿಯ ದಡದ ಕ್ಲಾರ್ಕ್‌ಸ್ಟನ್, ಎದುರು ದಡದ ಲೂಯಿಸ್ಟನ್ ಇವತ್ತು ಜೆಟ್ ದೋಣಿ ಕಟ್ಟುವವರ ಊರುಗಳು.

ಜೆಟ್ ಬೇಕು ಅನ್ನುವವರು ಒಂದು ಲೆಕ್ಕ ಮರೆಯಬಾರದು. ಹೊರಗೆ ನೇತುಹಾಕುವ ಇಂಜಿನ್ನಿಗೆ ಜೆಟ್ ಕೂರಿಸಿದರೆ ಸುಮಾರು ಶೇ 30ರಷ್ಟು ಶಕ್ತಿ ಅಲ್ಲೇ ಸೋರಿಹೋಗುತ್ತದೆ. 90 ಕುದುರೆ ಶಕ್ತಿಯ ಇಂಜಿನ್ನಿಗೆ ಜೆಟ್ ಹಾಕಿ 65 ಅಂತ ಮಾರುತ್ತಾರೆ, 115ರದ್ದು 80 ಆಗುತ್ತದೆ. ಪೆಟ್ರೋಲ್ ಮಾತ್ರ ಪೂರ್ತಿ ಕುಡಿಯುತ್ತದೆ. ನಿಮ್ಮ ನೀರಲ್ಲಿ ಕಲ್ಲಿಲ್ಲದಿದ್ದರೆ ಜೆಟ್ ಸುಮ್ನೆ ದಂಡ. ಮಿನೆಸೋಟದಲ್ಲಿ ಪಾಚಿ ಬೆಳೆದ ಸರೋವರಕ್ಕೆ ಜೆಟ್ ತಂದವರೊಬ್ಬರನ್ನು ನೋಡಿದ್ದೆ. ಹತ್ತು ನಿಮಿಷಕ್ಕೊಮ್ಮೆ ನಿಂತು ಜಾಲರಿಯಲ್ಲಿ ಸಿಕ್ಕಿಕೊಂಡ ಸೊಪ್ಪು ಕೀಳುತ್ತಿದ್ದರು.

ಹೊಳೆಯ ಜೆಟ್ ದೋಣಿಯೂ ಕಡಲಿನ ದೋಣಿಯೂ ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎರಡೂ ವೆಲ್ಡ್ ಮಾಡಿದವು, ಎರಡೂ ದಪ್ಪ. ಹೊಸಬರು ಎಡವುವುದು ಇಲ್ಲೇ. ಹೊಳೆಯದ್ದರ ತಳ ಹೆಚ್ಚು ಚಪ್ಪಟೆ, ಡೆಡ್‌ರೈಸ್ ಹತ್ತರ ಆಸುಪಾಸು. ಕಡಲಿನದ್ದಾದರೆ 18, 20 ಡಿಗ್ರಿ. ಕೊಲಂಬಿಯ ನದಿ ಪೆಸಿಫಿಕ್ ಸೇರುವ ಅಳಿವೆಯಲ್ಲಿ ಈ ಎಂಟು ಹತ್ತು ಡಿಗ್ರಿಯೇ ಮನೆಗೆ ಮರಳುವ ದಾರಿ. ಆ ಅಳಿವೆಗೆ ಪೆಸಿಫಿಕ್ಕಿನ ಸ್ಮಶಾನ ಅಂತಲೇ ಹೆಸರಿದೆ. ಕೋಸ್ಟ್ ಗಾರ್ಡ್ ತನ್ನ ರಕ್ಷಣಾ ದೋಣಿಯವರಿಗೆ ದೊಡ್ಡ ಅಲೆಯಲ್ಲಿ ತರಬೇತಿ ಕೊಡುವ ಶಾಲೆಯನ್ನೇ ಅಲ್ಲಿಟ್ಟಿದೆ. ಇಳಿತದ ನೀರು ಹೊರಗೆ ನುಗ್ಗುವ ಹೊತ್ತಿಗೆ ಕಡಲ ತೆರೆ ಒಳಗೆ ಬಂದರೆ ಅಳಿವೆ ಕುದಿಯುತ್ತದೆ. ಗಂಗೊಳ್ಳಿಯ ಅಳಿವೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಇದು ಅದರ ಹತ್ತು ಪಟ್ಟು.

ಇಲ್ಲಿಯ ಇನ್ನೊಂದು ಚೆಲುವೆ ಡ್ರಿಫ್ಟ್ ಬೋಟ್. ಆರೆಗಾನಿನ ಮೆಕೆಂಜಿ ನದಿಯಲ್ಲಿ ಹುಟ್ಟಿದ್ದು, ಮೊದಲು ಮರದ್ದು, ಈಗ ಅಲ್ಯೂಮಿನಿಯಂನಲ್ಲೂ ಇದೆ. ಬಾಳೆಹಣ್ಣಿನ ಹಾಗೆ ಎರಡೂ ತುದಿ ಮೇಲಕ್ಕೆ ಬಾಗಿರುತ್ತದೆ. ಇಂಜಿನ್ ಬೇಡ, ಹುಟ್ಟು ಸಾಕು. ಹುಟ್ಟು ಹಾಕುವವರು ಹೊಳೆ ಹೋಗುವ ಕಡೆಗೇ ಮುಖ ಮಾಡಿ ಕೂತು, ಹಿಂದಕ್ಕೆ ಎಳೆಯುತ್ತಾ ವೇಗ ಕಡಿಮೆ ಮಾಡುತ್ತಾರೆ. ಮೇಲೆ ಇಳಿಸಿ, ಕೆಳಗೆ ಎತ್ತಬೇಕು, ಆದ್ದರಿಂದ ಎರಡು ಕಾರು ಬೇಕು. ಕಾರು ಬಿಟ್ಟು ಬರಲು ಮನೆಯವರು ಒಪ್ಪಿದರೆ ಇದಕ್ಕಿಂತ ಸುಖ ಇಲ್ಲ.

ಅಲಾಸ್ಕದ ಒಂದು ವಿಚಿತ್ರ ಹೇಳಿ ಮುಂದೆ ಹೋಗುತ್ತೇನೆ, ಇದು ನಾವು ಕೊಳ್ಳುವ ದೋಣಿಯಲ್ಲ, ಕಸುಬಿನವರದು. ಬ್ರಿಸ್ಟಲ್ ಬೇಯಲ್ಲಿ ಸಾಮನ್‌ಗೆ ಬಲೆ ಬಿಡುವ ದೋಣಿ 32 ಅಡಿ ಮೀರಬಾರದು ಅಂತ ಕಾನೂನು. 1951ರವರೆಗೆ ಇಂಜಿನ್ನೂ ಇರಬಾರದಿತ್ತು, ಬರೀ ಹಾಯಿ. ಉದ್ದಕ್ಕೆ ಬೇಲಿ ಹಾಕಿದರೆ ಜನ ಏನು ಮಾಡುತ್ತಾರೆ? ಅಗಲಕ್ಕೆ ಬೆಳೆಸಿದರು. ಈಗಿನ ಅಲ್ಯೂಮಿನಿಯಂ ದೋಣಿಗಳು ಡಬ್ಬಿಯ ಹಾಗೆ ಗುಜ್ಜಾಗಿ, ಉದ್ದದ ಅರ್ಧದಷ್ಟು ಅಗಲವಾಗಿವೆ. ನೀರಿನ ಜೊತೆ ಕಾಯಿದೆಯೂ ದೋಣಿ ಕೆತ್ತುತ್ತದೆ.

ಹಾಗಾದರೆ ನಿಮಗೆ ಯಾವುದು?

ಡಲ್ಲಾಸ್, ಅಟ್ಲಾಂಟಾ, ಬೆಂಟನ್‌ವಿಲ್ ಕಡೆಯವರು, ಹಿನ್ನೀರಿನಲ್ಲಿ ಇಬ್ಬರು ಹೋಗಿ ಬಾಸ್ ಹಿಡಿಯುವವರಾದರೆ, ಮಾಡಿಫೈಡ್ ವಿ ಬಿಟ್ಟು ಬೇರೆ ನೋಡಬೇಡಿ. ಮಕ್ಕಳಿದ್ದರೆ ಒಂದು ಮಾತು: ಆ ಅಗಲ ಕಟ್ಟೆಗೆ ಸುತ್ತ ಅಂಚೇ ಇರುವುದಿಲ್ಲ. ಓಡಾಡುವ ಮಗುವಿಗೆ ಉತ್ತರದ ಎತ್ತರದ ದೋಣಿಯೇ ನೆಮ್ಮದಿ, ದಕ್ಷಿಣದಲ್ಲಿದ್ದರೂ ಸರಿ. ಮಿನಿಯಾಪೊಲಿಸ್, ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್‌ನವರಿಗೆ ಆಳದ ವಿ, 16 ಅಡಿಗಿಂತ ಕಡಿಮೆ ಬೇಡ, ಈರೀಗೆ ಇಳಿಯುವುದಾದರೆ 18. ಸಿಯಾಟಲ್, ಪೋರ್ಟ್‌ಲ್ಯಾಂಡಿನವರು ಮೊದಲು ಹೊಳೆಯೋ ಕಡಲೋ ತೀರ್ಮಾನ ಮಾಡಿ. ಎರಡೂ ಬೇಕು ಅಂದರೆ ಫ್ಯಾನ್ ಇಂಜಿನ್ನಿನ, ನಡುಮಧ್ಯದ ಡಿಗ್ರಿಯ ದೋಣಿ ಸಿಗುತ್ತದೆ. ಅದು ದೊಡ್ಡ ಹೊಳೆಗೂ, ಸಿಯಾಟಲ್ ಪಕ್ಕದ ಕಡಲ ಒಳಚಾಚು ಪ್ಯೂಜೆಟ್ ಸೌಂಡಿಗೂ ಸಾಕು. ಕಲ್ಲಿನ ಹೊಳೆ, ಕೆಟ್ಟ ದಿನದ ಅಳಿವೆ, ಎರಡಕ್ಕೂ ಸಾಲದು.

ಕೆಲಸ ಬದಲಾಗಿ ರಾಜ್ಯ ರಾಜ್ಯ ಸುತ್ತುವವರು, ಅಂದರೆ ನಮ್ಮಲ್ಲಿ ಮುಕ್ಕಾಲು ಜನ, ಒಂದೇ ದೋಣಿ ಇಟ್ಟುಕೊಳ್ಳಬೇಕು ಅಂದರೆ 16, 17 ಅಡಿಯ ಉತ್ತರದ ವಿ ತಗೊಳ್ಳಿ. ದಕ್ಷಿಣದ ಹಿನ್ನೀರಿನಲ್ಲಿ ಅದು ಸ್ವಲ್ಪ ದಡ್ಡ, ಗಾಳಿಗೆ ಸರಿಯುತ್ತದೆ, ಮರದ ಸಂದಿಗೆ ನುಗ್ಗದು. ಆದರೆ ಎಲ್ಲಿಯೂ ಮುಳುಗಿಸುವುದಿಲ್ಲ. ಚಪ್ಪಟೆ ದೋಣಿಯನ್ನು ಉತ್ತರಕ್ಕೆ ಒಯ್ದರೆ ಏನಾಗುತ್ತದೆ ಅಂತ ಹೇಳಿಯಾಗಿದೆ. 20 ಅಡಿಗಿಂತ ಚಿಕ್ಕ ದೋಣಿಯಲ್ಲಿ ಕೋಸ್ಟ್ ಗಾರ್ಡ್ ನಿಯಮದ ಫಲಕವೊಂದು ಅಂಟಿಸಿರುತ್ತದೆ. ಎಷ್ಟು ಜನ, ಎಷ್ಟು ತೂಕ, ಎಷ್ಟು ಶಕ್ತಿಯ ಇಂಜಿನ್ ಅಂತ ಅದರಲ್ಲಿದೆ. ಅದು ಶಾಂತ ನೀರಿನ ಲೆಕ್ಕ ಅಂತಲೇ ಓದಿಕೊಳ್ಳಿ.

ಹಳೆಯದು ಕೊಳ್ಳುವಾಗ

ನನ್ನ ಎರಡನೇ ದೋಣಿ 17 ಅಡಿಯ ವಿ. ಹಳೆಯದು, ಕಾರ್ಪೆಟ್ ಮಾತ್ರ ಹೊಸದು. ಹೊಸ ಕಾರ್ಪೆಟ್ ಕಂಡಾಗಲೇ ಅನುಮಾನ ಬರಬೇಕಿತ್ತು. ಮಾರಿದವರು ನೆಲ ಕೊಳೆತಿತ್ತು ಅಂತ ಹೊಸ ಪ್ಲೈವುಡ್ ಹಾಕಿದ್ದರು. ಅಂಗಳದ ಕಟ್ಟೆಗೆ ಬಳಸುವ, ಗೆದ್ದಲು ಹತ್ತದ, ಹಸಿರು ಬಣ್ಣದ ಹಲಗೆ. ಅದರ ಔಷಧಿಯಲ್ಲಿ ತಾಮ್ರವಿದೆ. ತಾಮ್ರ, ತೇವ, ಅಲ್ಯೂಮಿನಿಯಂ ಮೂರೂ ಒಟ್ಟಿಗೆ ಕೂತರೆ ಸವೆಯುವುದು ಅಲ್ಯೂಮಿನಿಯಂ. ಎರಡನೇ ಬೇಸಿಗೆಯಲ್ಲಿ ಹಲಗೆ ಎತ್ತಿ ನೋಡಿದರೆ ಕೆಳಗಿನ ಅಡ್ಡಪಟ್ಟಿಗಳ ಮೇಲೆ ರಂಗೋಲಿ ಹುಡಿ ಚೆಲ್ಲಿದ ಹಾಗೆ ಬಿಳಿ ಪುಡಿ. ಬೆರಳಿಂದ ಒರೆಸಿದೆ, ಅಡಿಯಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು. ಒಂದು ಕಡೆ ಬೆಳಕೇ ಕಾಣಿಸಿತು.

ಹಾಗಾಗಿ ಕಾರ್ಪೆಟ್ಟಿನ ಮೂಲೆ ಎತ್ತಿ ನೋಡಲು ಬಿಡದವರ ಹತ್ತಿರ ಕೊಳ್ಳಬೇಡಿ. ರಿವೆಟ್ ದೋಣಿಯಾದರೆ ಟ್ರೇಲರ್ ಮೇಲೆ ಇದ್ದ ಹಾಗೇ ಒಳಗೆ ನಾಲ್ಕು ಬೆರಳು ನೀರು ಬಿಟ್ಟು, ಕೆಳಗೆ ಬಗ್ಗಿ ನೋಡಿ. ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಮಾಡಿ. ನಾಲ್ಕೈದು ಗುರುತು ಬೆಲೆ ಇಳಿಸಲು ಒಳ್ಳೆಯದೇ, ಇಪ್ಪತ್ತಾದರೆ ಮನೆಗೆ ಬನ್ನಿ. ಇಂಜಿನ್ ಕೂರಿಸುವ ಹಿಂದಿನ ಹಲಗೆ ಹಳೆಯ ದೋಣಿಗಳಲ್ಲಿ ಒಳಗೆ ಮರದ್ದು. ಇಂಜಿನ್ ಹಿಡಿದು ಮೇಲೆ ಕೆಳಗೆ ಜಗ್ಗಿದಾಗ ತಗಡು ಉಸಿರಾಡಿದ ಹಾಗೆ ಉಬ್ಬಿದರೆ ಒಳಗಿನ ಮರ ಕೊಳೆತಿದೆ. ವೆಲ್ಡ್ ದೋಣಿಯಾದರೆ ಮೂತಿಯಿಂದ ಮೂರನೇ ಒಂದು ಭಾಗದಲ್ಲಿ, ಅಲೆ ಹೆಚ್ಚು ಬಡಿಯುವ ಜಾಗದಲ್ಲಿ, ವೆಲ್ಡ್ ಗೆರೆಯ ಪಕ್ಕ ಕೂದಲೆಳೆ ಬಿರುಕು ಹುಡುಕಿ.

ಉಪ್ಪು ನೀರಿಗೆ ಇಳಿಸುವವರು ಸವೆಯಲೆಂದೇ ಬಿಗಿಯುವ ಸತುವಿನ ತುಂಡು ಇದೆಯೇ ನೋಡಿ, ಅರ್ಧ ಸವೆದಿದ್ದರೆ ಬದಲಿಸಿ. ಸಿಹಿ ನೀರಿಗೆ ಅದೇ ತುಂಡು ಮೆಗ್ನೀಸಿಯಂನದ್ದು ಇರಬೇಕು. ಉತ್ತರದಿಂದ ಕಡಲಿಗೆ ಬಂದ ದೋಣಿಯಲ್ಲಿ ಯಾರೂ ಇದನ್ನು ನೆನಪಿಡುವುದಿಲ್ಲ. ತಳದ ನೀರಲ್ಲಿ ತಾಮ್ರದ ನಾಣ್ಯ ಬಿದ್ದಿದ್ದರೆ ಹುಡುಕಿ ತೆಗೆಯಿರಿ, ಅದು ಕೂತಲ್ಲೇ ತೂತು ಕೊರೆಯುತ್ತದೆ.

ಆ 1436 ಜಾನ್ ಬೋಟ್ ಏನಾಯಿತು ಅಂದರೆ, ಬೆಂಟನ್‌ವಿಲ್‌ನ ಗೆಳೆಯನೊಬ್ಬ ಮಿನೆಸೋಟಕ್ಕೆ ಬಂದವನು ತನ್ನ ಕಾರಿಗೆ ಕಟ್ಟಿಕೊಂಡು ಹೋದ. ಬೀವರ್ ಲೇಕ್‌ನ ಒಂದು ಕೊಲ್ಲಿಯಲ್ಲಿ ಮರದ ಬೊಡ್ಡೆಗೆ ಅದನ್ನು ಕಟ್ಟಿ, ನಿಂತುಕೊಂಡೇ ಕ್ರಾಪಿ ಹಿಡಿಯುತ್ತಾನೆ. ಕಳೆದ ಏಪ್ರಿಲಿನಲ್ಲಿ ಫೋಟೊ ಕಳಿಸಿದ್ದ. ಬಾಗಿದ ಅಂಚಿನ ಮೇಲೆ ಊಟದ ಡಬ್ಬಿ ಬಿಚ್ಚಿಟ್ಟಿದ್ದ, ಸುತ್ತ ನೀರು ಕನ್ನಡಿಯ ಹಾಗೆ ನಿಂತಿತ್ತು.